ಮಾತು ಬರುವ ಡಬ್ಬ

ಶೆಡ್ಡಿನಲ್ಲಿ ಅವನಿಗೆ ಅಂಗೈ ಡಾಕ್ಟರು ಅಂತ ಹೆಸರು. ಅರವತ್ತು ಮಗ್ಗ ಒಟ್ಟಿಗೆ ಬಡಿಯುವ ಜಾಗ ಅದು. ಅಲ್ಲಿ ಯಾವ ಮಗ್ಗ ಕೆಟ್ಟಿದೆ ಅಂತ ಕಿವಿಯಿಂದ ಗೊತ್ತುಮಾಡುವುದು ಆಗದ ಮಾತು. ಅವನು ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದ. ಹತ್ತು ಎಣಿಸುವಷ್ಟರಲ್ಲಿ "ಎಡಗಡೆ ಕೆಳಗಿನ ಬೋಲ್ಟು" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ. ಇಪ್ಪತ್ತಾರು ವರ್ಷ ಅವನು ಮಗ್ಗ ರಿಪೇರಿ ಮಾಡಿದ. ಹೆಂಡತಿ ಅದೇ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕಂಡಿಕೆಗೆ ನೂಲು ಸುತ್ತಿದಳು.

ಶೆಡ್ಡಿನವರದೆಲ್ಲ ದೊಡ್ಡ ಗಂಟಲು. ಅವರಿದ್ದ ಬೀದಿ ಪೂರ್ತಿ ಶೆಡ್ಡಿನವರೇ. ಪಕ್ಕದ ಮನೆಯವಳು ಒಂದು ಚಮಚ ಉಪ್ಪು ಕೇಳಿದರೂ ಹೊಸಬರು ಜಗಳ ಹತ್ತಿತು ಅಂತ ಹೊರಗೆ ಬಂದು ನೋಡುತ್ತಿದ್ದರು. ಹಾಗಾಗಿ ಅವನು ಕೂಗಿ ಮಾತಾಡಿದರೆ ಯಾರಿಗೂ ಏನೂ ಅನ್ನಿಸಲಿಲ್ಲ. ಹೆಂಡತಿಗೂ ಅನ್ನಿಸಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ. ಅವನಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಸಿನಿಮಾ ಹುಚ್ಚು ಒಂದೇ. ಅದೂ ಹೊಡೆದಾಟದ್ದಲ್ಲ, ಮಾತಿನದ್ದು. ಕೋರ್ಟಿನಲ್ಲಿ ವಕೀಲರು ಕಚ್ಚಾಡಬೇಕು, ಅಣ್ಣ ತಮ್ಮ ಮನೆ ಪಾಲು ಮಾಡಿಕೊಳ್ಳಬೇಕು, ಅತ್ತೆಗೆ ಸೊಸೆ ತಿರುಗಿ ಉತ್ತರ ಕೊಡಬೇಕು. ಒಂದು ಒಳ್ಳೆ ಮಾತು ಬಿದ್ದರೆ ತೊಡೆ ತಟ್ಟಿ "ಹಾಕಿದ ನೋಡು!" ಅನ್ನುತ್ತಿದ್ದ. ಆ ಮಾತನ್ನು ವಾರವೆಲ್ಲ ಹೆಂಡತಿಯ ಮೇಲೆ ಪ್ರಯೋಗ ಮಾಡುತ್ತಿದ್ದ. ಸಾರಿಗೆ ಖಾರ ಜಾಸ್ತಿಯಾದರೆ "ಸಾಕ್ಷಿ ಇದೆಯಾ ನಿನ್ನ ಹತ್ರ?" ಅನ್ನುತ್ತಿದ್ದ.

ತೊಡೆ ತಟ್ಟುವುದು ನಿಂತು ಎರಡು ವರ್ಷ ಆಗಿತ್ತು.

"ಈ ಟಿವಿ ಸತ್ತಿದೆ ಕಣೇ," ಅಂದ ಒಂದು ಭಾನುವಾರ. "ಮಾತು ಹೊರಗೇ ಬರಲ್ಲ. ಎಲ್ಲಾ ಬಾಯಲ್ಲಿ ಬೆಲ್ಲ ಇಟ್ಕೊಂಡವರ ಹಾಗೆ ಗುಯ್ ಅಂತಾರೆ."

"ನನಗೆ ಕೇಳಿಸುತ್ತಲ್ಲ ರೀ."

"ನಿನಗೆ ಪಕ್ಕದ ಮನೇಲಿ ಸೂಜಿ ಬಿದ್ರೂ ಕೇಳಿಸುತ್ತೆ." ಟಿವಿಯನ್ನು ತಿರುಗಿಸಿ ಬೆನ್ನು ತೋರಿಸಿದ. "ನೋಡು, ಇಷ್ಟೇ ಇಷ್ಟು ಸ್ಪೀಕರ್. ಅದೂ ಗೋಡೆ ಕಡೆ. ಇದು ಗೋಡೆಗೆ ಕಥೆ ಹೇಳ್ತಿದೆ, ನಮಗಲ್ಲ."

ಹೋಮ್ ಥಿಯೇಟರ್ ಹಾಕಿಸಬೇಕು ಅಂತ ಅವತ್ತೇ ತೀರ್ಮಾನವಾಯಿತು. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಬೇಕು, ಅಷ್ಟೇ ಅವನ ಆಸೆ. ಭಾನುವಾರದ ಬೆಳಗಿನ ಪಾಳಿಗೂ ಹೋಗತೊಡಗಿದ. ಎರಡು ವರ್ಷಕ್ಕೆ ಹದಿನಾಲ್ಕು ಸಾವಿರ ಆಯಿತು. ಅದರ ಮೇಲೆ ಒಂದು ಬಿಡಿಗಾಸೂ ಇಲ್ಲ.

ಮನೆ ಅಂದರೆ ಒಂದು ರೂಮು, ಒಂದು ಅಡುಗೆಮನೆ. ರೂಮು ಹನ್ನೊಂದು ಅಡಿ ಉದ್ದ, ಒಂಬತ್ತು ಅಗಲ. ಟೇಪು ಹಿಡಿದು ಅಳೆದ. ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದ. ಇಲ್ಲಿ ಮಂಚ, ಇಲ್ಲಿ ಟಿವಿ. ಎದುರಿಗೆ ಮೂರು ಸ್ಪೀಕರು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ದೊಡ್ಡ ಡಬ್ಬ. ಹಿಂದಿನ ಎರಡರಲ್ಲಿ ಒಂದು ಹಿಟ್ಟಿನ ಡ್ರಮ್ಮಿನ ಮೇಲೆ ಕೂರಬೇಕಾಯಿತು.

ಹೆಂಡತಿಯ ತಮ್ಮ ಆ ಹಾಳೆ ನೋಡಿ ನಕ್ಕ. ಅವನು ವೈರಿಂಗ್ ಕೆಲಸದವನು, ಬಾಯಿ ಸ್ವಲ್ಪ ಉದ್ದ. "ಭಾವ, ಮೂಗಿಗಿಂತ ಮೂಗುತಿ ಭಾರ ಆಯ್ತು. ಸ್ಪೀಕರ್ ಒಳಗೆ ಬಂದ್ರೆ ಅಕ್ಕ ಹೊರಗೆ ಮಲಗ್ಬೇಕು."

"ನಿಮ್ಮಕ್ಕನೇ ಏಳನೇ ಸ್ಪೀಕರು. ಅವಳನ್ನೆಲ್ಲಿಡಲಿ ಹೇಳು?" ಅಂದ ಅವನು. ಅವತ್ತು ಮೂವರೂ ನಕ್ಕರು.

ಗಂಡ ಹೆಂಡತಿ ಮೂರು ಅಂಗಡಿ ತಿರುಗಿದರು. ಮೊದಲನೆಯದು ಗಾಜಿನ ಅಂಗಡಿ. ಅಲ್ಲಿಯವನು ಇವರ ಚಪ್ಪಲಿ ನೋಡಿ, "ಬಜೆಟ್ ಎಷ್ಟು?" ಅಂದ. ಹದಿನಾಲ್ಕು ಅಂದದ್ದಕ್ಕೆ ಒಂದು ಉದ್ದನೆ ಕಡ್ಡಿಯಂಥದ್ದು ತೋರಿಸಿದ. ಸೌಂಡ್‌ಬಾರ್ ಅಂತೆ. ಅದಕ್ಕೂ ಹದಿನಾರು ಸಾವಿರ. "ರೊಟ್ಟಿ ಲಟ್ಟಿಸೋ ಕೋಲಿನ ಹಾಗಿದೆ, ಇದಕ್ಯಾರು ಕೊಡ್ತಾರೆ," ಅಂತ ಅವನು ಎದುರಿಗೇ ಅಂದ. ಎರಡನೆಯದು ಸೆಕೆಂಡ್ ಹ್ಯಾಂಡ್ ಅಂಗಡಿ. ಆಂಪ್ಲಿಫೈಯರ್ ಚೆನ್ನಾಗಿತ್ತು, ಆದರೆ ಹಾಕಿದ ಐದು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಅಂಗಡಿಯವನು ಅದು ಪಕ್ಕದ ಬೇಕರಿಯಿಂದ ಅಂದ. ಪಕ್ಕದಲ್ಲಿ ಇದ್ದದ್ದು ಹೂವಿನಂಗಡಿ.

ಮೂರನೆಯದು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಮುಂದೆ ಹೊಸದು ಮಾರುವುದು, ಹಿಂದೆ ಹಳೆಯದು ರಿಪೇರಿ. ಅಂಗಡಿಯವನ ಕನ್ನಡಕದ ಕಾಲಿಗೆ ದಾರ ಕಟ್ಟಿತ್ತು. ಅವನು ಮಾತ್ರ ನೇರ ಮನುಷ್ಯ.

"ಅಣ್ಣ, ನಿಮಗೆ ಮಾತು ಬೇಕೋ ಸದ್ದು ಬೇಕೋ, ಅದು ಹೇಳಿ ಮೊದಲು," ಅಂದ.

"ಮಾತು."

"ಹಾಗಾದ್ರೆ ಕೇಳಿ. ಸಿನಿಮಾದಲ್ಲಿ ಮಾತೆಲ್ಲ ಬರೋದು ನಡುವಿನ ಡಬ್ಬದಿಂದ, ಟಿವಿ ಕೆಳಗಿಡ್ತೀವಲ್ಲ, ಅದರಿಂದ. ಅಕ್ಕಪಕ್ಕದ್ದರಲ್ಲಿ ಹಾಡು. ಹಿಂದಿನವು ಮಳೆ, ಗಾಳಿ, ಕುದುರೆ. ಮೂಲೇದು ಬರೀ ಗುಡುಗು. ಇರೋ ದುಡ್ಡಲ್ಲಿ ಎಲ್ಲಾ ಒಳ್ಳೇದು ಬರಲ್ಲ. ಎರಡು ಸೆಟ್ ಇದೆ ನನ್ನ ಹತ್ರ. ಇದು ಮೂರೇ ಡಬ್ಬ, ನಡುವಿನದು ಗಟ್ಟಿ ಇದೆ. ಅದು ಆರು ಡಬ್ಬ, ನೋಡೋಕೆ ಮೆರವಣಿಗೆ, ಆದ್ರೆ ನಡುವಿನದು ಆಟಿಕೆ. ಎರಡೂ ಹದಿಮೂರೂವರೆ. ಹಾಕ್ತೀನಿ, ನೀವೇ ನೋಡಿ."

ಒಂದೇ ಕೋರ್ಟು ಸೀನನ್ನು ಎರಡರಲ್ಲೂ ಹಾಕಿದ. ಮೂರು ಡಬ್ಬದ್ದರಲ್ಲಿ ವಕೀಲ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಆ ವಕೀಲ ಉಸಿರು ಎಳೆದುಕೊಂಡದ್ದೂ ಹೆಂಡತಿಗೆ ಕೇಳಿಸಿತು. ಆರು ಡಬ್ಬದ್ದರಲ್ಲಿ ಜಡ್ಜು ಸುತ್ತಿಗೆ ಹೊಡೆದರೆ ಅಂಗಡಿಯ ಶಟರು ಅಲುಗಿತು. ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗೆ.

ಗಂಡ ಒಂದೊಂದು ಡಬ್ಬದ ಮೇಲೂ ಅಂಗೈ ಊರಿ ನಿಂತ. ಮೂರು ಡಬ್ಬದ್ದು ಮುಗಿಸಿದ, ಆರು ಡಬ್ಬದ್ದಕ್ಕೆ ಬಂದ. ಮೂಲೆಯ ದೊಡ್ಡದರ ಮೇಲೆ ಕೈ ಇಟ್ಟಾಗ ಅವನ ಮುಖ ಬಿಚ್ಚಿಕೊಂಡಿತು. "ಇದರಲ್ಲಿ ಜೀವ ಇದೆ," ಅಂದ.

"ಅಣ್ಣ, ಅದು ಬರೀ ಗುಡುಗು," ಅಂದ ಅಂಗಡಿಯವನು, ಬಗ್ಗಿ ವೈರು ಬಿಚ್ಚುತ್ತಾ.

ಗಂಡ ಹೆಂಡತಿಯ ಕಡೆ ತಿರುಗಿದ. "ಯಾವುದು?"

"ನಿಮಗೆ ಯಾವುದು ಇಷ್ಟವೋ ಅದು."

"ನಿನಗೆ ಹೇಗನ್ನಿಸ್ತು ಹೇಳು."

"ನನಗೇನು ಗೊತ್ತಾಗುತ್ತೆ ಇದೆಲ್ಲ. ನೀವೇ ನೋಡಿ."

"ಹೇಳೇ. ಯಾವುದು?"

ಮೂರು ಸಲ ಕೇಳಿದ. ಅವಳ ಮುಖವನ್ನೇ ನೋಡುತ್ತಾ ಕೇಳಿದ. ಅವಳಿಗೆ ಕಾಲು ನೋಯುತ್ತಿತ್ತು. ಬಸ್ಸಿನ ಹೊತ್ತಾಗಿತ್ತು. ಎರಡು ವರ್ಷ ಭಾನುವಾರ ದುಡಿದವನು ಅವನು, ಆಸೆಪಟ್ಟದ್ದನ್ನು ಒಯ್ಯಲಿ, ನಡುವೆ ನಾನು ಯಾಕೆ ಕಡ್ಡಿ ಆಡಿಸಲಿ ಅಂದುಕೊಂಡಳು. "ಆ ದೊಡ್ಡದೇ ಚೆನ್ನಾಗಿದೆ," ಅಂದಳು. ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದಳು. ಅವನು ಕೇಳಿದ್ದು ಮರ್ಯಾದೆ ಅಲ್ಲ.

ಭಾನುವಾರ ಮಧ್ಯಾಹ್ನ ತಮ್ಮ ಬಂದು ವೈರು ಎಳೆದ. ಡಬ್ಬಗಳನ್ನು ಹಾಳೆಯಲ್ಲಿ ಬರೆದ ಹಾಗೇ ಕೂರಿಸಿದರು. ಗಂಡ ಗಡ್ಡ ಹೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಮಂಚದ ನಡುವೆ ಕೂತ. ಅಣ್ಣ ತಮ್ಮಂದಿರ ಪಾಲಿನ ಸಿನಿಮಾ ಒಂದು ಹಾಕಿದರು.

ಹಾಡು ಶುರುವಾಗಿದ್ದೇ ಶೆಲ್ಫಿನ ಲೋಟಗಳು ಒಂದಕ್ಕೊಂದು ಬಡಿದುಕೊಂಡವು. ಗೋಡೆಯ ಗಡಿಯಾರ ಓರೆಯಾಯಿತು. ಪಕ್ಕದ ಮನೆಯ ಮುದುಕಿ ಗೋಡೆ ಗುದ್ದಿ, "ಮನೆ ಕೆಡವ್ತಿದೀರಾ ಕಟ್ತಿದೀರಾ?" ಅಂತ ಕೂಗಿದಳು. ಆಮೇಲೆ ಮಾತು ಬಂತು. ದೊಡ್ಡಣ್ಣ ಎದ್ದು ನಿಂತು ಏನೋ ಅಂದ. ಏನಂದ ಅಂತ ಯಾರಿಗೂ ತಿಳಿಯಲಿಲ್ಲ.

ಗಂಡ ರಿಮೋಟು ಒತ್ತಿದ. ಇನ್ನೂ ಒತ್ತಿದ.

"ಭಾವ, ಸಾಕು, ಕಿವಿ ತೂತಾಗ್ತಿದೆ," ಅಂದ ತಮ್ಮ, ಮಂಚದ ಹಿಂದೆ ವೈರು ಸರಿಮಾಡುತ್ತಾ. ಭಾವ ಇನ್ನೂ ಎರಡು ಸಲ ಒತ್ತಿದ.

"ರೀ, ಸಣ್ಣ ಮಾಡಿ," ಅಂದಳು ಹೆಂಡತಿ, ಅಡುಗೆಮನೆ ಬಾಗಿಲಲ್ಲಿ ನಿಂತು. ಆಮೇಲೆ ತಡೆಯಲಾಗದೆ ಹೋಗಿ ಗೋಡೆಯ ಸ್ವಿಚ್ಚು ಆರಿಸಿಬಿಟ್ಟಳು.

ರೂಮು ಸುಮ್ಮನಾಯಿತು. ಅವನ ಬೆನ್ನು ಅವಳ ಕಡೆ ಇತ್ತು.

"ರೀ," ಅಂದಳು.

ಅವನು ಕಪ್ಪು ಟಿವಿಯನ್ನೇ ನೋಡುತ್ತಿದ್ದ.

"ರೀ!" ಅಂದಳು. ತಮ್ಮ ತಲೆ ಎತ್ತಿ ಅಕ್ಕನನ್ನು ನೋಡಿದ. ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು ಜೋರಾಗಿ ಕರೆದಿದ್ದಳು.

ಅವಳು ಸುತ್ತಿ ಬಂದು ಎದುರಿಗೆ ನಿಂತಳು. ಆಗ ಅವನು ಅವಳ ಬಾಯಿ ನೋಡಿ, "ಏನೇ, ಕರೆಂಟ್ ಹೋಯ್ತಾ?" ಅಂದ.

ಅವಳಿಗೆ ಎಲ್ಲ ಒಮ್ಮೆಗೇ ತಿಳಿಯಿತು. ಮಗ್ಗದ ಸದ್ದಿನಲ್ಲಿ ಶೆಡ್ಡಿನವರೆಲ್ಲ ಬಾಯಿ ನೋಡಿ ಮಾತು ತಿಳಿಯುತ್ತಾರೆ, ಅವಳಿಗೂ ಅದು ಬರುತ್ತಿತ್ತು. ಅವನು ಅದನ್ನು ಮನೆಗೂ ತಂದಿದ್ದ. ಬೇರೆ ಭಾಷೆಯ ಸಿನಿಮಾಕ್ಕೆ ನಮ್ಮ ಮಾತು ಅಂಟಿಸಿದ್ದು ಬಂದರೆ "ಬಾಯೊಂದು ಮಾತೊಂದು, ಥೂ" ಅಂತ ಬೈದು ಎದ್ದು ಹೋಗುತ್ತಿದ್ದದ್ದು ಅದಕ್ಕೇ. ಅವಳು ಅಡುಗೆಮನೆಯಿಂದ ಹೇಳಿದ ಎಷ್ಟೋ ಮಾತಿಗೆ ಉತ್ತರ ಬರದೆ ಹೋದದ್ದೂ ಅದಕ್ಕೇ. ಜಂಬ ಅಂದುಕೊಂಡು ಅವಳು ಮುನಿಸಿಕೊಂಡದ್ದಿದೆ.

ತಮ್ಮನನ್ನು ಟೀ ಪುಡಿ ತರಲು ಕಳಿಸಿದಳು. ಗಂಡನ ಎದುರಿಗೆ ಕೂತಳು.

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಕಿವಿ."

ಅವನು ಅವಳ ಬಾಯನ್ನು ಸ್ವಲ್ಪ ಹೊತ್ತು ನೋಡಿದ. "ಶೆಡ್ಡಲ್ಲಿ ಯಾರಿಗೂ ಹೇಳ್ಬೇಡ. ಕಿವುಡನ್ನ ಮೆಶಿನ್ ಹತ್ರ ಬಿಡಲ್ಲ."

"ನನಗಾದ್ರೂ ಹೇಳಬಾರದಿತ್ತಾ?"

"ಟಿವಿದೇ ತಪ್ಪು ಅಂದ್ಕೊಂಡೆ ಮೊದಲು. ಆಮೇಲೆ, ಸ್ಪೀಕರ್ ದೊಡ್ಡದಾದ್ರೆ ಸರಿಹೋಗುತ್ತೆ ಅಂದ್ಕೊಂಡೆ." ಮೂಲೆಯ ಡಬ್ಬದ ಕಡೆ ನೋಡಿದ. "ಈಗ ಮಾತು ಬಂತಾ ಅದರಲ್ಲಿ?"

ಅವಳು ಇಲ್ಲ ಅಂತ ತಲೆ ಆಡಿಸಿದಳು.

"ಅಂಗಡೀಲಿ?"

ಅದಕ್ಕೂ ಆಡಿಸಿದಳು. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಿಮೋಟಿಗೆ ಅದರ ಪ್ಲಾಸ್ಟಿಕ್ ಚೀಲ ಮತ್ತೆ ತೊಡಿಸಿ ಶೆಲ್ಫಿನ ಮೇಲಿಟ್ಟ.

ಕಿವಿ ಡಾಕ್ಟರು ಅವನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಮಗ್ಗದ ಸದ್ದಿಗೆ ಒಳಗಿನ ನರ ಸವೆದಿದೆ, ಹೋದದ್ದು ತಿರುಗಿ ಬರಲ್ಲ ಅಂದರು. ಕಿವಿಗೆ ಹಾಕುವ ಮೆಶಿನ್ ಒಳ್ಳೆಯದಕ್ಕೆ ಒಂದು ಕಿವಿಗೇ ಇಪ್ಪತ್ತೆರಡು ಸಾವಿರ. "ಐದಾರು ವರ್ಷದ ಹಿಂದೆ ಬಂದು, ಸದ್ದಿನ ಕೆಲಸ ಬಿಟ್ಟಿದ್ರೆ ಉಳಿದದ್ದಾದ್ರೂ ಉಳೀತಿತ್ತು," ಅಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಐದಾರು ವರ್ಷದ ಹಿಂದೆ ಸದ್ದಿನ ಕೆಲಸ ಬಿಟ್ಟಿದ್ದರೆ ಏನು ತಿನ್ನುತ್ತಿದ್ದರು ಅಂತ ಡಾಕ್ಟರು ಹೇಳಲಿಲ್ಲ.

ಕನ್ನಡಕಕ್ಕೆ ದಾರ ಕಟ್ಟಿದ್ದ ಅಂಗಡಿಯವನು ಸೆಟ್ಟನ್ನು ವಾಪಸ್ ತಗೊಂಡ. ಬಳಸಿದ ಮಾಲು, ಹತ್ತಕ್ಕಿಂತ ಜಾಸ್ತಿ ಆಗಲ್ಲ ಅಂದ. ಕೊಟ್ಟಷ್ಟಕ್ಕೆ ಸಿಕ್ಕಿದ್ದು ಅಗ್ಗದ ಒಂದು ಕಿವಿ ಮೆಶಿನ್. ಅವನು ಅದನ್ನು ಹಾಕಿಕೊಂಡು ಮಾರ್ಕೆಟ್ಟಿಗೆ ಹೋಗಿ ಅರ್ಧ ಗಂಟೆಗೆ ತಿರುಗಿ ಬಂದ. "ಎಲ್ಲಾ ಕೂಗ್ತಾರೆ, ಯಾರೂ ಮಾತಾಡಲ್ಲ," ಅಂದ. ಮೆಶಿನನ್ನು ಅದರ ಪುಟ್ಟ ಡಬ್ಬದಲ್ಲಿ ಮಲಗಿಸಿದ. ಆಮೇಲೆ ತೆಗೆಯಲಿಲ್ಲ. ಟಿವಿಯನ್ನೂ ಹಾಕಲಿಲ್ಲ. ಭಾನುವಾರ ಮಧ್ಯಾಹ್ನ ಗೋಡೆಗೆ ಒರಗಿ ಕೂರುತ್ತಿದ್ದ. ಅವಳು ಎದುರಿಗೆ ಬಂದು ಕೂತರೆ ಮಾತು, ಎದ್ದು ಒಳಗೆ ಹೋದರೆ ಮುಗಿಯಿತು. ಆ ದಿನಗಳಲ್ಲಿ ಅವಳು ತರಕಾರಿಯನ್ನೂ ಅವನ ಎದುರಿಗೇ ಕೂತು ಹೆಚ್ಚುತ್ತಿದ್ದಳು.

ಮುಂದಿನ ವರ್ಷ ಎದೆ ಹಿಡಿಯಿತು. ಇಪ್ಪತ್ತಾರು ವರ್ಷದ ಹತ್ತಿ ಧೂಳು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದ. ಕೊನೆಯ ನಾಲ್ಕು ದಿನ ಕಣ್ಣು ಬಿಡಲಿಲ್ಲ.

ನರ್ಸು ಒಳ್ಳೆಯವಳು. "ಮಾತಾಡಿಸ್ತಾ ಇರಿ ಅಮ್ಮ," ಅಂದಳು. "ಕಣ್ಣು ಮುಚ್ಚಿದ್ರೂ ಅವರಿಗೆ ಎಲ್ಲಾ ಕೇಳಿಸ್ತಿರುತ್ತೆ."

ಅವಳು ಹ್ಞೂಂ ಅಂದಳು. ಬಿಡಿಸಿ ಹೇಳಲು ಹೋಗಲಿಲ್ಲ.

ಹೇಳಬೇಕಾದ್ದು ಒಂದಿತ್ತು. ಅಂಗಡಿಯಲ್ಲಿ ನೀವು ಮೂರು ಸಲ ಕೇಳಿದ್ದು ನನ್ನ ಕಿವಿಯನ್ನು, ನನಗೆ ತಿಳಿಯಲಿಲ್ಲ, ತಪ್ಪಾಯಿತು. ಒಂದು ವರ್ಷ ಎದುರಿಗೇ ಕೂತಿದ್ದೂ ಹೇಳಿರಲಿಲ್ಲ. ನಾಳೆ ಹೇಳಿದರಾಯಿತು ಅಂತ ಬಿಟ್ಟಿದ್ದಳು.

ಆ ನಾಲ್ಕರಲ್ಲಿ ಮೂರನೆಯ ದಿನ ನರ್ಸು ಆಚೆ ಹೋದಾಗ, ಹೆಬ್ಬೆರಳಿನಿಂದ ಅವನ ಒಂದು ರೆಪ್ಪೆ ಮೇಲಕ್ಕೆ ಎತ್ತಿದಳು. ಮುಖ ಹತ್ತಿರ ತಂದು, ಬಾಯಿ ಅಗಲಿಸಿ ನಿಧಾನಕ್ಕೆ ಹೇಳಿದಳು. ಕಣ್ಣು ಅವಳ ಕಡೆ ಇತ್ತು, ನೋಡುತ್ತಿರಲಿಲ್ಲ. ಇನ್ನೊಂದು ಸಲ ಹೇಳಿದಳು.

ನರ್ಸು ಬಂದವಳು, "ಹಾಗೆಲ್ಲ ಮಾಡಬಾರದು ಅಮ್ಮ," ಅಂದಳು.

ಅವಳು ಬೆರಳು ತೆಗೆದಳು. ರೆಪ್ಪೆ ತಾನಾಗಿ ಕೂತುಕೊಂಡಿತು.