ಹನ್ನೆರಡನೇ ತಾರೀಖಿನ ದೀಪ

ಲೆಮ್ಯುಯಲ್ ಥ್ಯಾಕ್ಸ್ಟರ್ ಫಿಲಡೆಲ್ಫಿಯಾದ ಸರಕಾರಿ ಕಚೇರಿಯಲ್ಲಿ ನಕಲು ಗುಮಾಸ್ತ. ಬರುವ, ಹೋಗುವ ಪ್ರತಿ ಕಾಗದವನ್ನೂ ದಪ್ಪ ನಕಲು ಪುಸ್ತಕಕ್ಕೆ ಇಳಿಸಬೇಕು. ಆಮೇಲೆ ಅವನು ನಕಲನ್ನು ಗಟ್ಟಿಯಾಗಿ ಓದಬೇಕು, ಹಿರಿಯ ಗುಮಾಸ್ತ ಸೈಲಸ್ ವೆಂಡೋವರ್ ಮೂಲ ಹಿಡಿದು ತಾಳೆ ನೋಡಬೇಕು. ಅದು ಕಚೇರಿಯ ಪದ್ಧತಿ.

ಒಂದು ದಿನ ವೆಂಡೋವರ್ ತಾನೇ ಬರೆದು ನಕಲಿಗೆಂದು ಅವನ ಮುಂದೆ ಎಸೆದ ಕಾಗದದಲ್ಲಿ ಲೆಮ್ಯುಯಲ್‌ನ ಒಡಹುಟ್ಟಿದ ಅಣ್ಣನ ಹೆಸರಿತ್ತು. ದೀಪಸ್ತಂಭದ ಕಾವಲುಗಾರ ಏಸಾ ನವೆಂಬರ್ ಹನ್ನೆರಡರ ರಾತ್ರಿ ಕುಡಿದು ಬಿದ್ದಿದ್ದ, ದೀಪ ಆರಿಹೋಗಿತ್ತು, ಅವನನ್ನು ತೆಗೆದುಹಾಕಬೇಕು ಎಂದಿತ್ತು.

"ಸಾಹೇಬ್ರೆ, ಇದು ಸುಳ್ಳು. ನಮ್ಮಣ್ಣ ರಮ್ ಮುಟ್ಟೋನೇ ಅಲ್ಲ."

"ನಿನ್ನ ಯಾರಯ್ಯಾ ಕೇಳಿದ್ರು? ಒಂದಕ್ಷರ ಸೇರಿಸ್ಬೇಡ, ಒಂದಕ್ಷರ ಬಿಡ್ಬೇಡ. ಹ್ಞೂಂ, ಓದು!"

ಓದಿದ. ಅಣ್ಣನನ್ನು ಕುಡುಕ ಎಂದು ತನ್ನ ಬಾಯಿಂದಲೇ ಓದಿದ, ಪಾಪಿ! ಮನೆಯಲ್ಲಿ ಮೂರು ಮಕ್ಕಳು, ಇನ್ನೇನು ಮಾಡಿಯಾನು? ಏಸಾನ ಕೆಲಸ ಹೋಯಿತು, ಅದು ವೆಂಡೋವರನ ಭಾಮೈದನಿಗೆ ಸಿಕ್ಕಿತು. ಏಸಾ ಊರಿಗೆ ಮುಖ ತೋರಿಸಲಾರದೆ ಕೊರಗಿ ಕೊರಗಿ ಆ ಚಳಿಗಾಲದಲ್ಲೇ ಸತ್ತ.

ಮಣ್ಣು ಮಾಡಿ ಬಂದ ವಾರ ಲೆಮ್ಯುಯಲ್ ನಕಲು ಪುಸ್ತಕವನ್ನು ಹಿಂದಕ್ಕೆ ತಿರುವಿದ. ನವೆಂಬರ್ ಹದಿನೈದರಂದು ವೆಂಡೋವರ್ ಬಂದರಿನ ಅಧಿಕಾರಿಗೆ ಬರೆದ, ತಾನೇ ಗಮನವಿಲ್ಲದೆ ಇಳಿಸಿ ಮರೆತಿದ್ದ ಕಾಗದ ಅಲ್ಲಿತ್ತು. ಹನ್ನೆರಡರ ಬಿರುಗಾಳಿಯಲ್ಲೂ ದೀಪ ಬೆಳಗಿನವರೆಗೆ ಉರಿಯಿತು, ಅದು ತಾನು ಕಳಿಸಿದ ಎಣ್ಣೆಯ ಮಹಿಮೆ ಎಂದು ಕೊಚ್ಚಿಕೊಂಡಿದ್ದ. ವೆಂಡೋವರನದು ಎಂಥ ಗಂಡಾಂತರದ ಮರೆವು! ಲೆಮ್ಯುಯಲ್ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಆ ಹಾಳೆ ಒಲೆ ಸೇರುತ್ತಿತ್ತು. ಹಲ್ಲು ಕಚ್ಚಿ ಆರು ವರ್ಷ ಕಾದ.

ಕೊನೆಗೆ ವೆಂಡೋವರನ ಕಣ್ಣು ಬಂದರಿನ ದೊಡ್ಡ ಹುದ್ದೆಯ ಮೇಲೆ ಬಿತ್ತು.

"ಲೆಮ್ಯುಯಲ್, ದೀಪಸ್ತಂಭಗಳ ಬಗ್ಗೆ ನಾನು ಬರೆದ ಕಾಗದಗಳ ನಕಲು ತೆಗ್ದು ಅರ್ಜಿ ಜೊತೆ ಇಡಯ್ಯಾ. ನನ್ನ ದುಡಿಮೆ ಮಂತ್ರಿಗಳಿಗೂ ಗೊತ್ತಾಗ್ಲಿ."

"ಎಲ್ಲಾನೂ ಇಡ್ಲಾ ಸಾಹೇಬ್ರೆ?"

"ಎಲ್ಲಾನೂ!"

ಲೆಮ್ಯುಯಲ್ ಏಸಾನ ಮೇಲಿನ ದೂರಿನ ನಕಲನ್ನೂ ಎಣ್ಣೆಯ ಕಾಗದದ ನಕಲನ್ನೂ ಒಂದರ ಮೇಲೊಂದು ಇಟ್ಟ. "ತಾಳೆ ನೋಡ್ತೀರಾ?" ಎಂದೂ ಕೇಳಿದ. ಊಟಕ್ಕೆ ಹೊರಟಿದ್ದ ವೆಂಡೋವರ್, "ನಿನ್ನ ಬರವಣಿಗೇಲಿ ತಪ್ಪೆಲ್ಲಿರುತ್ತೆ!" ಎಂದು ನಿಂತಲ್ಲೇ ಎಲ್ಲದರ ಕೆಳಗೂ ರುಜು ಗೀಚಿದ.

ಮೂರನೇ ವಾರ ಮಂತ್ರಿಯ ಉತ್ತರ ಬಂತು. ಓದುತ್ತ ಓದುತ್ತ ವೆಂಡೋವರನ ಮುಖ ಸುಣ್ಣವಾಯಿತು.

"ಹಲ್ಕಾ ನನ್ಮಗನೆ, ಏನು ಕಳಿಸ್ದೆ?"

"ನಿಮ್ಮ ಕಾಗದಾನೇ. ಒಂದಕ್ಷರ ಸೇರಿಸ್ಲಿಲ್ಲ, ಒಂದಕ್ಷರ ಬಿಡ್ಲಿಲ್ಲ."

"ಆರು ವರ್ಷ ಹೊಟ್ಟೇಲಿಟ್ಕೊಂಡಿದ್ಯಾ?"

"ನಮ್ಮಣ್ಣ ಆರು ವರ್ಷದಿಂದ ಮಣ್ಣಲ್ಲಿದಾನೆ. ನನಗೇನು ಅವಸರ?"

ಉತ್ತರದ ಜೊತೆಗೆ ವೆಂಡೋವರನ ವಜಾ ಆದೇಶವೂ ಇತ್ತು. ಲೆಮ್ಯುಯಲ್ ಹೊಸ ಗರಿ ಲೇಖನಿ ಕೆತ್ತಿ, ಅದನ್ನು ನಿಧಾನವಾಗಿ, ಮುತ್ತು ಪೋಣಿಸಿದಂತೆ ಪುಸ್ತಕಕ್ಕೆ ಇಳಿಸಿದ. ಹೊಟ್ಟೆ ತಣ್ಣಗಾಗುತ್ತಿತ್ತು. ವೆಂಡೋವರ್ ಟೋಪಿ ಎತ್ತಿಕೊಂಡು ಬಾಗಿಲಿಗೆ ಹೊರಟ.

"ಎಲ್ಲಿಗೆ? ಮೂಲ ಹಿಡ್ಕೊಳ್ಳಿ, ತಾಳೆ ನೋಡ್ಬೇಕು. ಪದ್ಧತಿ ನಿಮ್ಮದೇ."

ಇಡೀ ಕಚೇರಿ ನೋಡುತ್ತಿತ್ತು. ವೆಂಡೋವರ್ ಟೋಪಿ ಕೆಳಗಿಟ್ಟು ಕಾಗದ ಹಿಡಿದು ನಿಂತ. ಲೆಮ್ಯುಯಲ್ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ: "ನವೆಂಬರ್ ಹನ್ನೆರಡರ ರಾತ್ರಿ ಏಸಾ ಥ್ಯಾಕ್ಸ್ಟರನ ದೀಪ ಆರಿರಲಿಲ್ಲ."