ಮುದ್ದಪ್ಪನ ಮೂರನೆಯ ಬೆಸುಗೆ

ತೊಂಡೇಬಾವಿಯ ಮುದ್ದಪ್ಪ ಗೌರಿಬಿದನೂರಿನಲ್ಲಿ ನೇಗಿಲು, ಪಂಪುಗಳಿಗೆ ಬೆಸುಗೆ ಹಾಕುತ್ತಲೇ ಕೈ ಪಳಗಿಸಿಕೊಂಡವನು. 1966ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಕಾರ್ಖಾನೆಗೆ ಟೈಟಾನಿಯಂ ತಗಡು ಬಂದಾಗ, ಅದನ್ನು ಬೆಸೆಯುವ ಪರೀಕ್ಷೆಗೆ ಅವನೂ ನಿಂತ. ಮೂರು ಅವಕಾಶ. ಒಂದಾದರೂ ಗೆದ್ದರೆ ಹೊಸ ವಿಭಾಗ. ಇಲ್ಲದಿದ್ದರೆ ಮತ್ತೆ ಕಬ್ಬಿಣದ ಗೇಟುಗಳು.

ಕಾದ ಟೈಟಾನಿಯಂ ಗಾಳಿಯನ್ನು ಹೀರಿ ಪೆಡಸಾಗುತ್ತದೆ. ಆದ್ದರಿಂದ ಬೆಸುಗೆಯ ಮೇಲೂ ಕೆಳಗೂ ಆರ್ಗಾನ್ ಅನಿಲ ಹರಿಯುತ್ತಿರಬೇಕು, ಲೋಹ ಆರುವವರೆಗೂ ನಿಲ್ಲಬಾರದು. ಇದರಲ್ಲಿ ಮುದ್ದಪ್ಪ ತಪ್ಪಲಿಲ್ಲ. ಅವನ ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆದರೂ ಪರೀಕ್ಷೆಗೆಂದು ಬಗ್ಗಿಸಿದಾಗ ಮೊದಲೆರಡು ಅವಕಾಶದ ತುಂಡುಗಳೂ ಬಿರುಕುಬಿಟ್ಟವು, ಎರಡೂ ಎಡತುದಿಯಿಂದ ಒಂದಂಗುಲ ದೂರದಲ್ಲಿ. ಬಿರುಕಿನೊಳಗೆ ಸೂಜಿಮೊನೆಯಷ್ಟು ರಂಧ್ರಗಳು.

"ಏಮಯ್ಯ ಮುದ್ದಪ್ಪ, ಎಡಗಡೆ ಶನಿ ಕೂತವ್ನಾ?" ಎಂದು ಮೇಸ್ತ್ರಿ ವೆಂಕಟರಾಯಪ್ಪ ನಕ್ಕರು. "ಸೋಮವಾರ ಕೊನೇದು ಕಣಪ್ಪ."

ಶನಿವಾರ ಅವನು ರೈಲು ಹತ್ತಿ ಊರಿಗೆ ಹೋದ. ಮರುದಿನ ಹೆಂಡತಿ ಯಶೋದಮ್ಮ ಉಪ್ಪಿನಕಾಯಿಗೆಂದು ಮಾವಿನಕಾಯಿ ಒರೆಸಿ ಒಣಗಿಸಿದ್ದಳು. ವರ್ಷದ ಮೊದಲ ಕಾಯಿ. ಮುದ್ದಪ್ಪ ಒಂದನ್ನೆತ್ತಿ ಕಣ್ಣಿಗೊತ್ತಿಕೊಂಡ.

"ಅಯ್ಯೋ, ಇಡ್ರೀ ಕೆಳಗೆ! ಎಣ್ಣೆ ಸುರಿಯೋ ತಲೆ, ಬೆವತ ಮುಖ. ಜಾಡಿಗೆಲ್ಲ ಬೂಷ್ಟು ಹಿಡಿಯುತ್ತೆ. ಕಣ್ಣಿಗೊತ್ಕೊಳ್ಳೋದಿದ್ರೆ ಒರೆಸೋಕೆ ಮುಂಚೆ ಒತ್ಕೊಳ್ಳಿ!"

ಮುದ್ದಪ್ಪ ಕಾಯಿ ಹಿಡಿದೇ ನಿಂತ. ಕೆಲಸಕ್ಕೆ ಮುನ್ನ ಅವನಪ್ಪ ನೇಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ, ಇವನು ತಗಡನ್ನು. ಅದೂ ಅಸಿಟೋನ್‌ನಲ್ಲಿ ಒರೆಸಿದ ಮೇಲೆ, ಎಡಗೈಯಲ್ಲೆತ್ತಿ, ಹೆಬ್ಬೆರಳನ್ನು ಅಂಚಿನ ಮೇಲೂರಿ. ಕೈಯ ಜಿಡ್ಡು ತಗುಲಿದರೆ ಬೆಸುಗೆಯೊಳಗೆ ರಂಧ್ರ ಬೀಳುತ್ತದೆ, ಒರೆಸಿದ ಮೇಲೆ ಬರಿಗೈಲಿ ಮುಟ್ಟಬೇಡವೆಂದು ಪರೀಕ್ಷಾ ಕೋಣೆಯ ನಾವು ಹೇಳಿದ್ದೆವು. ನಮಸ್ಕಾರವೂ ಮುಟ್ಟಿದಂತೆಯೇ ಎಂದು ಅವನಿಗೆ ಹೊಳೆದಿರಲಿಲ್ಲ.

"ಯಾಕ್ ಹಿಂಗ್ ನಿಂತ್ರಿ? ಬೈದಿದ್ದು ಜಾಸ್ತಿ ಆಯ್ತಾ?"

"ಇಲ್ಲ ಕಣೇ. ಹೋದ ವಾರವೇ ಬೈಬೇಕಿತ್ತು ನೀನು."

ಸೋಮವಾರ ಅವನು ತುಂಡನ್ನು ಮೊದಲೇ ಕಣ್ಣಿಗೊತ್ತಿಕೊಂಡ. ಆಮೇಲೆ ಕೈ ತೊಳೆದು, ಒಗೆದ ಬಿಳಿ ಕೈಗವಸು ತೊಟ್ಟು, ಅಂಚುಗಳನ್ನೂ ಸಂದಿಗೆ ಕರಗಿಸಿ ತುಂಬುವ ತಂತಿಯನ್ನೂ ಅಸಿಟೋನ್‌ನಲ್ಲಿ ಒರೆಸಿದ. ಬೆಸೆದ ಮೇಲೆ ಆರ್ಗಾನ್ ಹರಿಯಬಿಟ್ಟು ಬೆಸುಗೆಯ ಟಾರ್ಚನ್ನು ಲೋಹ ಆರುವವರೆಗೂ ಅಲುಗಿಸದೆ ಹಿಡಿದಿದ್ದ.

ಬಗ್ಗಿಸಿದವನು ನಾನೇ. ತುಂಡು ಬಿಲ್ಲಿನಂತೆ ಬಾಗಿತು. ಎಡತುದಿಯನ್ನು ಭೂತಗನ್ನಡಿಯಲ್ಲಿ ಎರಡು ಸಲ ನೋಡಿದೆ, ಗೆರೆಯೂ ಇರಲಿಲ್ಲ. ವೆಂಕಟರಾಯಪ್ಪ, "ಶನಿ ಇಳಿದು ಹೋದ್ನಲ್ಲಯ್ಯ!" ಎಂದು ಅವನ ಬೆನ್ನು ಗುದ್ದಿದರು.

ಹೊಸ ವಿಭಾಗಕ್ಕೆ ಸೇರಿದ ದಿನ ಮುದ್ದಪ್ಪ ನಮ್ಮ ಪರೀಕ್ಷಾ ಕೋಣೆಗೆ ಉಪ್ಪಿನಕಾಯಿ ಜಾಡಿ ತಂದಿಟ್ಟ.

"ಒಣಗಿದ ಚಮಚ ಹಾಕಿ ಸಾರ್," ಎಂದ. "ಬೂಷ್ಟು ಬಂದ್ರೆ ಅವಳೇ ರೈಲು ಹತ್ತಿ ಬರ್ತಾಳೆ."