ಕೊಂಢವಾದ ಹೋಟೆಲಿನಲ್ಲಿ ಬೀಸುಪದ

ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದ ಹೊಸತರಲ್ಲಿ, ಅಲ್ಲಿನ ಕೊಂಢವಾ ಬಡಾವಣೆಯಲ್ಲಿ ನನಗೆ ಕನ್ನಡ ಮಾತಾಡಲು ಇದ್ದವರು ಇಬ್ಬರೇ: ನನ್ನ ಗಂಡ ಮತ್ತು ನಮ್ಮ ಬೀದಿಯ ಹೋಟೆಲಿನ ಯಜಮಾನರು. ಗಂಡ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಭಾನುವಾರ ಬಿಟ್ಟರೆ ಕೈಗೆ ಸಿಗುತ್ತಿರಲಿಲ್ಲ. ಯಜಮಾನರು ಉಡುಪಿಯವರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ಕಾಫಿ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ತೊಂಬತ್ತರ ದಶಕದ ಒಂದು ಭಾನುವಾರ ಮಧ್ಯಾಹ್ನ ನಾವು ಅಲ್ಲಿ ಕೂತಿದ್ದಾಗ ಕರೆಂಟು ಹೋಯಿತು. ಇಡ್ಲಿ ಹಿಟ್ಟು ಅರ್ಧಕ್ಕೇ ಇದ್ದಾಗ ಗ್ರೈಂಡರ್ ನಿಂತಿತು. ಯಜಮಾನರು ಹಿತ್ತಲಿನ ಹಳೆಯ ರುಬ್ಬುಗಲ್ಲಿನ ಮುಂದೆ ತಾವೇ ಕೂತು, ನಾಲ್ಕು ಸುತ್ತು ತಿರುಗಿಸಿ ಸೊಂಟ ಹಿಡಿದುಕೊಂಡರು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ವಿಜಾಪುರದ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಆಗ ಅಲ್ಲಿ ನೀರು ತುಂಬಿಕೊಳ್ಳುತ್ತಿದ್ದಳು. ಕೊಡ ಕೆಳಗಿಟ್ಟು, “ಸರೀರಿ ಅಣ್ಣಾರ, ನಾ ರುಬ್ಬತೀನಿ” ಎಂದಳು.

ಕಲ್ಲು ತಿರುಗಿತು, ಜೊತೆಗೇ ಹಾಡೂ ಹೊರಟಿತು. ತವರಿನ ಹಾದಿ, ಅಣ್ಣ ತರುವ ಸೀರೆ, ಬಾಯಿ ಜೋರಿನ ಅತ್ತಿಗೆ. ನನ್ನ ಅಜ್ಜಿ ಬೀಸುವಾಗ ಹಾಡುತ್ತಿದ್ದ ಧಾಟಿಯೇ. ನಾನು ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಓಡಿದೆ. ಹಿಂದೆಯೇ ಎಲ್ಲ ಗಿರಾಕಿಗಳೂ ಬಂದರು. ಅವಳು ನಾಚಿ ನಿಲ್ಲಿಸಿದಳು.

“ನಿಲ್ಲಿಸಬೇಡಿ ಮಾರಾಯ್ರೆ” ಎಂದರು ಯಜಮಾನರು.

“ಹಾಡದಿದ್ರ ನನಗ ರುಬ್ಬಾಕೂ ಬರೂದಿಲ್ರಿ” ಎಂದು ನಕ್ಕು ಮುಂದುವರಿಸಿದಳು.

ಪದ ಮುಗಿಯುತ್ತಲೇ, ಕಾಫಿಗೆ ಬಂದಿದ್ದ ಮರಾಠಿ ಅಜ್ಜಿಯೊಬ್ಬರು “ಹೀ ತರ ಆಮ್ಚೀಚ ಓವೀ!” ಎಂದು, ಇದು ನಮ್ಮದೇ ಹಾಡೆಂಬ ಹಕ್ಕಿನಿಂದ, ಅದೇ ಧಾಟಿಯಲ್ಲಿ ಮರಾಠಿ ಪದ ಎತ್ತಿಕೊಂಡರು. ಕರೆಂಟು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಮೂರರಿಂದ ಐದರವರೆಗೆ ಹೋಟೆಲಿನಲ್ಲಿ ಹಾಡು. ಆ ಹೊತ್ತಿನಲ್ಲಿ ಕಾಫಿ ಮಾತ್ರ. ದೋಸೆ ಹುಯ್ಯುವ ಸದ್ದಿನಲ್ಲಿ ಪದ ಕೇಳುವುದಿಲ್ಲವೆಂದು ಯಜಮಾನರ ಕಟ್ಟಪ್ಪಣೆ. ದೋಸೆ ಸಿಗದೆ ಸಿಟ್ಟಾಗಿ ಎದ್ದು ಹೋದ ಬಟ್ಟೆ ಅಂಗಡಿಯವರೊಬ್ಬರು ಮುಂದಿನ ವಾರ ಪದಕ್ಕೆ ಬಾರಿಸಲು ದಮ್ಮಡಿ ಹಿಡಿದು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

ಪಕ್ಕದ ಕಟ್ಟಡ ಮುಗಿದ ಮೇಲೆ ಆ ಹೆಂಗಸಿಗೆ ಚಿಂಚವಾಡದಲ್ಲಿ ಕೆಲಸ ಸಿಕ್ಕಿತು. ಆದರೂ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಒಂದು ಭಾನುವಾರ ಬಂದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಸಿಮೆಂಟಿನ ಧೂಳು, ಡಾಕ್ಟರು ತಿಂಗಳೊಪ್ಪತ್ತು ಹಾಡಬಾರದೆಂದಿದ್ದರಂತೆ. ಮಂದಿ ತುಂಬಿಕೊಂಡಿದ್ದರು. ಅವಳು ನನ್ನ ಕೈ ಹಿಡಿದು ಪಿಸುಗುಟ್ಟಿದಳು.

“ಯಕ್ಕಾ, ನಾ ಕಿವ್ಯಾಗ ಹೇಳತೀನಿ, ನೀ ಹಾಡ.”

“ನನಗ ಬರೂದಿಲ್ಲವ್ವಾ.”

“ಎಲ್ಲಾ ಬರತದ. ವಾರಾ ವಾರಾ ನನ್ನ ಸಂಗಾಟ ಗುಣಗುಣಸೂದು ನನಗ ಕೇಳಸೂದಿಲ್ಲೇನು?”

ಕಣ್ಣು ಮುಚ್ಚಿ ಶುರು ಮಾಡಿದೆ. ಮೊದಲ ನುಡಿ ನಡುಗಿತು. ಎರಡನೆಯದಕ್ಕೆ ಮರಾಠಿ ಅಜ್ಜಿ ದನಿ ಸೇರಿಸಿದರು. ಮೂರನೆಯದಕ್ಕೆ ಅವಳು ಹೇಳಿಕೊಡುವ ಮೊದಲೇ ಸಾಲು ಬಾಯಿಗೆ ಬಂತು, ನನ್ನ ಅಜ್ಜಿಯ ಮನೆಯಲ್ಲಿ ಕೇಳಿದ್ದು. ಕಣ್ಣು ಬಿಟ್ಟಾಗ ನನ್ನ ಗಂಡ ಬಾಯಿ ತೆರೆದು ನೋಡುತ್ತಿದ್ದರು. ಮನೆಗೆ ಹೋಗುವಾಗ, “ಇಷ್ಟ್ ದಿನಾ ಎಲ್ಲಿ ಇಟ್ಟಿದ್ದಿ ಇದನ್ನ?” ಎಂದು ದಾರಿಯುದ್ದಕ್ಕೂ ಕೇಳಿದರು.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹೋಟೆಲಿದ್ದ ಕಟ್ಟಡವನ್ನು ಕೆಡವಿದರು. ಯಜಮಾನರು ಪಿಂಪ್ರಿಯಲ್ಲಿ ನಿಂತು ಕಾಫಿ ಕುಡಿಯುವಷ್ಟೇ ಜಾಗದ ಅಂಗಡಿ ಹಿಡಿದರು. ಹಾಡಿನ ಮಂದಿ ಭಾನುವಾರಗಳಂದು ನಮ್ಮ ಮನೆಗೆ ಬರತೊಡಗಿದರು. ಅವಳು ಧೂಳಿನ ಕೆಲಸ ಬಿಟ್ಟು ಯೆರವಡಾದಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟಳು. ಅವಳ ದನಿ ಮರಳಿತು, ಮೊದಲಿಗಿಂತ ಸ್ವಲ್ಪ ದಪ್ಪಗಾಗಿ. ಈಗ ಏರು ಸ್ವರ ಬಂದಾಗಲೆಲ್ಲ ನನ್ನತ್ತ ನೋಡಿ ಹುಬ್ಬು ಹಾರಿಸುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ.